ಬಚ್ಚಲ ಒಲೆ ಹತ್ತುವ ಹೊತ್ತಿಗೆ

ನಮ್ಮ ಮನೆ ಆಲ್ದೂರಿನಿಂದ ಒಳಗೆ, ಕಾಫಿ ತೋಟಗಳ ನಡುವೆ. ಬಸ್ಸಿಗೆ ಒಂದೂವರೆ ಕಿಲೋಮೀಟರ್ ನಡೆಯಬೇಕು. ಮಗಳು ಆರನೇ ಕ್ಲಾಸು, ಮಗ ಮೂರನೇ ಕ್ಲಾಸು. ಎಂಟು ಗಂಟೆ ಬಸ್ಸು ತಪ್ಪಿದರೆ ಅವತ್ತು ಶಾಲೆಯೂ ತಪ್ಪಿದ ಹಾಗೇ.

ಹಿಂದಿನ ವರ್ಷ ಶಾಲೆ ಶುರುವಾಗುವ ಮೊದಲೇ ದೊಡ್ಡ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದ್ದೆ. ಐದೂವರೆಗೆ ಏಳುವುದು, ಓದು, ಕಾಪಿ, ಮಗ್ಗಿ, ಎಲ್ಲಕ್ಕೂ ಒಂದೊಂದು ಬಣ್ಣ. ಹತ್ತು ದಿನ ನಡೆಯಿತು. ಆಮೇಲೆ ಮಳೆ ಹಿಡಿಯಿತು. ಎರಡು ದಿನ ಮಳೆ ರಜೆ, ಒಂದು ದಿನ ಶಾಲೆ, ಮತ್ತೆ ರಜೆ. ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಮೂರು ದಿನ ಇಲ್ಲ. ಜುಲೈ ಮುಗಿಯುವಷ್ಟರಲ್ಲಿ ಆ ಹಾಳೆ ಥಂಡಿ ಹಿಡಿದು ಗೋಡೆಯಿಂದ ಕಳಚಿ ಬಿತ್ತು.

ಒಂದು ಬೆಳಿಗ್ಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಗಳ ಒಂದು ಸಾಕ್ಸ್ ಸಿಗಲಿಲ್ಲ. ಹುಡುಕಿ ಸಿಕ್ಕಾಗ ಅದು ಹಿಂಡಿದರೆ ನೀರು ಬರುವಷ್ಟು ಒದ್ದೆ. ಅದನ್ನೇ ಹಾಕಿಕೊಂಡು, ಅಳುತ್ತಾ ಹೋದಳು. ತಿರುವಿನಲ್ಲಿ ಅವಳ ಕೊಡೆ ಮರೆಯಾಗುವವರೆಗೂ ಜಗಲಿಯಲ್ಲೇ ನಿಂತಿದ್ದೆ. ಆ ಮಗುವಿನದೇನು ತಪ್ಪು? ಬೆಳಿಗ್ಗೆ ಅರ್ಧ ಗಂಟೆಯಲ್ಲಿ ಎಲ್ಲಾ ಮುಗಿಸು ಅಂದರೆ ದೊಡ್ಡವರಿಗೂ ಆಗಲ್ಲ.

ಅವತ್ತು ಕೂತು ಯೋಚಿಸಿದೆ. ಮಳೆ ಬರಲಿ, ರಜೆ ಇರಲಿ, ಕರೆಂಟ್ ಹೋಗಲಿ, ನಮ್ಮ ಮನೆಯಲ್ಲಿ ಒಂದು ದಿನವೂ ತಪ್ಪದ ಕೆಲಸ ಯಾವುದು? ಸಂಜೆ ಆರೂವರೆಗೆ ಅತ್ತೆ ಬಚ್ಚಲ ಒಲೆಗೆ ಬೆಂಕಿ ಹಾಕುವುದು. ಹಾಗಾಗಿ ಗಡಿಯಾರ ಬಿಟ್ಟು ಒಲೆ ಹಿಡಿದುಕೊಂಡೆವು.

ಶುರುವಿನಲ್ಲಿ ಒಂದೇ ಕೆಲಸ. ಒಲೆ ಹತ್ತಿತು ಅಂದರೆ ನಾಳೆಯ ಬ್ಯಾಗು ಜೋಡಿಸುವುದು. ಪುಸ್ತಕಗಳಿಗೆ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ಚೆನ್ನಾಗಿ ತೊಳೆದು, ಒಣಗಿಸಿ, ಚೀಲದ ಹಾಗೆ ಹೊಲಿದುಕೊಟ್ಟೆ. ಬಾಯಿಯನ್ನು ಎರಡು ಸಲ ಮಡಚಿ ಬ್ಯಾಗಿಗೆ ಇಟ್ಟರೆ ಎಂಥ ಮಳೆಗೂ ಹಾಳೆ ಉಬ್ಬುವುದಿಲ್ಲ. ಎರಡು ವಾರ ಆದಮೇಲೆ ಸಾಕ್ಸ್, ಯೂನಿಫಾರ್ಮ್ ಸೇರಿಸಿದೆವು. ಹಂಡೆಯ ಮೇಲೆ, ಬೆಂಕಿ ತಾಗದಷ್ಟು ಎತ್ತರಕ್ಕೆ ತಂತಿ ಕಟ್ಟಿದೆ. ಮಗಳು ಸ್ಟೂಲ್ ಹತ್ತಿ ತಾನೇ ಹರವುತ್ತಾಳೆ. ಬೆಳಿಗ್ಗೆ ಹೊಗೆ ವಾಸನೆ ಸ್ವಲ್ಪ ಇರುತ್ತದೆ, ಆದರೆ ಬೆಚ್ಚಗಿರುತ್ತವೆ.

ಓದು ಬಂದದ್ದು ಕೊನೆಗೆ. ನೀರು ಕಾಯುವವರೆಗೆ ಇಬ್ಬರೂ ಒಲೆ ಮುಂದೆ ಕೂರುತ್ತಾರೆ. ಪುಸ್ತಕ ಮುಚ್ಚಿ, ಅವತ್ತು ಕಲಿತದ್ದನ್ನು ಅಜ್ಜಿಗೆ ಹೇಳಬೇಕು. ಅಜ್ಜಿ ಶಾಲೆಗೆ ಹೋದವರಲ್ಲ, ಗೊತ್ತಾಗುವವರೆಗೂ ಕೇಳುತ್ತಾರೆ. ದ್ಯುತಿಸಂಶ್ಲೇಷಣೆ ಹೇಳುವಾಗ 'ಹಾಗಾದರೆ ನೆರಳಲ್ಲಿರೋ ಕಾಫಿ ಗಿಡಕ್ಕೆ ಊಟ ಎಲ್ಲಿಂದ?' ಅಂದರು. ಮಗಳು ಸುಮ್ಮನಾದಳು, ಮತ್ತೆ ಪುಸ್ತಕ ತೆಗೆದಳು. ನನ್ನ ಪ್ರಕಾರ ಹತ್ತು ಸಲ ಗಟ್ಟಿಯಾಗಿ ಓದುವುದಕ್ಕಿಂತ ಇದೇ ಜಾಸ್ತಿ ನಿಲ್ಲುತ್ತದೆ. ನೆನಪಿಸಿಕೊಂಡು ಹೇಳುವಾಗಲೇ ಅಲ್ವಾ ನಮಗೆ ಏನು ಬರಲ್ಲ ಅಂತ ಗೊತ್ತಾಗುವುದು?

21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಅದನ್ನೇ ನಂಬಿ, 22ನೇ ದಿನ ಮಕ್ಕಳು ಮರೆತಾಗ ಬೈದಿದ್ದೆ. ಆಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರ ಮೇಲೆ ಮಾಡಿದ ಅಧ್ಯಯನದ ಬಗ್ಗೆ ಓದಿದೆ. ಒಂದು ಕೆಲಸ ತಾನಾಗಿ ಬರಲು ಸರಾಸರಿ 66 ದಿನ ಬೇಕಾಯಿತಂತೆ. ಕೆಲವರಿಗೆ 18 ದಿನ, ಕೆಲವರ ಲೆಕ್ಕ 254ಕ್ಕೂ ಹೋಯಿತು. ನನಗೆ ತುಂಬಾ ಸಮಾಧಾನ ಕೊಟ್ಟದ್ದು ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದರೆ ಅಂಥ ನಷ್ಟವಿಲ್ಲ. ಜೂನ್ ಮೊದಲ ವಾರದಿಂದ 66 ದಿನ ಎಣಿಸಿದರೆ ಆಗಸ್ಟ್ ಬರುತ್ತದೆ. ಮಲೆನಾಡಿನ ಪೂರ್ತಿ ಮಳೆಗಾಲ! ಅಷ್ಟು ದಿನದಲ್ಲಿ ತಪ್ಪದೇ ಇರುತ್ತದೆಯೇ? ಆಮೇಲೆ ಬೈಯುವುದು ಬಿಟ್ಟೆ. ತಪ್ಪಿದ ಮರುದಿನ 'ಒಲೆ ಹತ್ತಿತು' ಅಂತ ಮಾತ್ರ ಹೇಳುತ್ತಿದ್ದೆ.

ನಿದ್ದೆಗೆ ಬೇರೆ ಕಷ್ಟಪಡಲಿಲ್ಲ. ಬಿಸಿನೀರು ಸ್ನಾನ, ಊಟ ಆಯಿತೆಂದರೆ ಒಂಬತ್ತಕ್ಕೆಲ್ಲ ಮಲಗುತ್ತಾರೆ. ಮೊಬೈಲನ್ನು ಮಾತ್ರ ಊಟಕ್ಕೆ ಮೊದಲೇ ನಾನೂ, ಮನೆಯವರೂ ಅಡುಗೆಮನೆ ಕಪಾಟಿನಲ್ಲಿ ಇಡಬೇಕಾಯಿತು. ನಾವು ಹಿಡಿದುಕೊಂಡಿದ್ದರೆ ಮಕ್ಕಳು ಬಿಡುತ್ತಾರೆಯೇ?

ನಿಜವಾದ ಪರೀಕ್ಷೆ ಡಿಸೆಂಬರಿನಲ್ಲಿ. ಅರೇಬಿಕಾ ಕೊಯ್ಲು, ನಾನು ತೋಟದಿಂದ ಬರುವಾಗ ಏಳು ದಾಟುತ್ತಿತ್ತು. ಮೊದಲ ದಿನ ಹೆದರಿಕೊಂಡೇ ಬಂದೆ. ಒಲೆ ಉರಿಯುತ್ತಿತ್ತು. ತಂತಿಯ ಮೇಲೆ ನಾಲ್ಕು ಸಾಕ್ಸ್. ಬಾಗಿಲ ಹತ್ತಿರ ಎರಡು ಬ್ಯಾಗು. ಒಳಗಿಂದ ಅಜ್ಜಿ ಯಾವುದೋ ಪ್ರಶ್ನೆ ಕೇಳುತ್ತಿದ್ದರು. ನಾನು ಕುಕ್ಕೆ ಇಳಿಸಿ ಅಲ್ಲೇ ಸ್ವಲ್ಪ ಹೊತ್ತು ನಿಂತೆ.

ಮಗನ ಮಗ್ಗಿ ಇನ್ನೂ ಏಳರಲ್ಲೇ ಇದೆ. ಈ ಜೂನ್‌ನಿಂದ ಅದನ್ನೂ ಒಲೆ ಮುಂದೆ ತರುತ್ತೇವೆ, ದಿನಕ್ಕೆ ಎರಡೇ ಸಾಲು.