ಬಡಿದು ನೋಡಿದರೆ ತಿಳಿಯದು

ಹಾಸನದ ಸಾಲಗಾಮೆ ರಸ್ತೆಯ ಆಸುಪಾಸಿನ ನಮ್ಮ ಮನೆಯನ್ನು ಅಪ್ಪ 1986ರಲ್ಲಿ ಕಟ್ಟಿಸಿದರು. ಪಿಲ್ಲರ್ ಇಲ್ಲ; ಇಟ್ಟಿಗೆ ಗೋಡೆಗಳ ಮೇಲೆಯೇ ಮೋಲ್ಡ್, ಅಂದರೆ ಕಾಂಕ್ರೀಟ್ ಛಾವಣಿ. ಹಾಲಿಗೂ ಊಟದ ಕೋಣೆಗೂ ನಡುವಿನ ಗೋಡೆ ತೆಗೆದರೆ ಬೆಳಕು ಬರುತ್ತದೆ ಎಂಬುದು ನನ್ನ ಹೆಂಡತಿಯ ಹಳೆಯ ಬೇಡಿಕೆ. ಮನೆ ರಿಪೇರಿ ಮಾಡಿಸುವುದೇ ನನ್ನ ಕಸುಬು, ಆದರೆ ಸ್ವಂತ ಮನೆಯ ಸರದಿ ಬರುವುದು ಕೊನೆಗೇ.

ಮೇಸ್ತ್ರಿ ಬೆರಳು ಮಡಿಸಿ ಗೋಡೆಗೆ ಬಡಿದರು. "ನಾಲ್ಕೂವರೆ ಇಂಚು ಸಾರ್. ಭಾರ ಹೊರುವುದಾಗಿದ್ದರೆ ಒಂಬತ್ತು ಇಂಚು ಇರುತ್ತಿತ್ತು. ಒಂದು ದಿನದ ಕೆಲಸ" ಎಂದರು. ಸದ್ದಿನಿಂದ ತಿಳಿಯುವುದು ಗಾರೆ ಬಿಟ್ಟುಕೊಂಡಿದೆಯೇ ಎಂಬುದಷ್ಟೇ. ದಪ್ಪವನ್ನೂ ನಾನು ನಂಬುವುದಿಲ್ಲ. ಇಟ್ಟಿಗೆ ಉಳಿಸಲೆಂದು ನಾಲ್ಕೂವರೆ ಇಂಚಿನ ಒಳಗೋಡೆಯ ಮೇಲೆಯೇ ಮೋಲ್ಡ್ ಕೂರಿಸಿದ ಮನೆಗಳನ್ನು ಕಂಡಿದ್ದೇನೆ.

ಟೇಪು ಹಿಡಿದೆವು. ಎರಡೂ ಕೋಣೆ ಸೇರಿ 20 ಅಡಿ, ಗೋಡೆ ಸರಿಯಾಗಿ ನಡುವೆ. ಅದರ ಉದ್ದ 16 ಅಡಿ. ಮೋಲ್ಡ್ ಐದು ಇಂಚು, ಎಲ್ಲೂ ತೊಲೆ ಇಲ್ಲ. ಅನುಮಾನ ಹುಟ್ಟಿದ್ದೇ ಇಲ್ಲಿ. ಆಸರೆಯ ನಡುವಿನ ಅಂತರ ಎರಡರಷ್ಟಾದರೆ ಮೋಲ್ಡನ್ನು ಬಾಗಿಸುವ ಬಲ ಸುಮಾರು ನಾಲ್ಕರಷ್ಟಾಗುತ್ತದೆ. ನಡುಗೋಡೆಯ ನೇರಕ್ಕೆ ಕಂಬಿಯನ್ನು ಮೇಲ್ಭಾಗದಲ್ಲಿ ಕಟ್ಟಿರುತ್ತಾರೆ; ಗೋಡೆ ಹೋದರೆ ಅದೇ ಜಾಗಕ್ಕೆ ಕೆಳಭಾಗದ ಕಂಬಿ ಸಾಲದೆ ಬರುತ್ತದೆ.

ಅನುಮಾನ ಬಗೆಹರಿಯುವುದು ಗೋಡೆಯ ತಲೆಯಲ್ಲಿ. ಮೂರು ಕಡೆ ಅಂಗೈ ಅಗಲ ಗಾರೆಯನ್ನು ಉಳಿಯಿಂದ ಕೆತ್ತಿಸಿದೆ. ಮೋಲ್ಡ್ ಹಾಕಿದ ಮೇಲೆ ಕಟ್ಟಿದ ಗೋಡೆಯಾದರೆ ಕೊನೆಯ ಇಟ್ಟಿಗೆ ವರಸೆಯ ಮೇಲೆ ಸಂದು ಉಳಿದು, ಅದಕ್ಕೆ ಗಾರೆ ತುರುಕಿರುತ್ತಾರೆ. ಮೋಲ್ಡ್ ಹಾಕುವಾಗ ಅಡಿಗೆ ಕೊಟ್ಟ ಸೆಂಟ್ರಿಂಗ್ ಹಲಗೆಯ ಗುರುತು ಗೋಡೆಯ ನೆತ್ತಿಯ ಮೇಲಿನ ಮೋಲ್ಡಿನಲ್ಲೂ ಹಾಯ್ದಿರುತ್ತದೆ. ಇಲ್ಲಿ ಕಾಂಕ್ರೀಟಿನ ಹಾಲು ಇಟ್ಟಿಗೆಯ ಸಂದುಗಳಿಗೆ ಇಳಿದು ಕಲ್ಲಾಗಿತ್ತು; ಅಂದರೆ ಮೋಲ್ಡನ್ನು ಈ ಗೋಡೆಯ ಮೇಲೆಯೇ ಹಾಕಿದ್ದರು. ಮೇಸ್ತ್ರಿ ಬೆರಳಾಡಿಸಿ ನೋಡಿ ಸುಮ್ಮನಾದರು.

ಬುಡದಲ್ಲಿಯೂ ಅದೇ ಉತ್ತರ. ರೆಡ್ ಆಕ್ಸೈಡ್ ನೆಲ ಗೋಡೆಗೆ ಬಂದು ನಿಂತಿತ್ತು, ಅಡಿಯಲ್ಲಿ ಸೈಜುಗಲ್ಲಿನ ಪಾಯ. ತಾರಸಿಗೆ ಹತ್ತಿದರೆ ಆ ಗೋಡೆಯ ನೇರಕ್ಕೇ ಸಾವಿರ ಲೀಟರಿನ ಟ್ಯಾಂಕು! ತುಂಬಿದರೆ ಒಂದು ಟನ್ ನೀರು. ಇಡಿಸಿದವನು ನಾನೇ.

ಉಗ್ರಾಣದ ಗೋಡೆಯನ್ನೂ ಹೀಗೆಯೇ ಕೆತ್ತಿಸಿದೆ. ಅದರಡಿ ನೆಲ ಅಖಂಡವಾಗಿ ಹಾಯ್ದಿತ್ತು, ಮೇಲಿನ ಸಂದಿನ ಗಾರೆ ಮೊಳೆಗೇ ಉದುರಿತು, ಅಡ್ಡಗೋಡೆಯ ಇಟ್ಟಿಗೆಗಳೊಂದಿಗೆ ಕಚ್ಚಿ ಕಟ್ಟಿರಲೂ ಇಲ್ಲ. ಭಾರ ಹೊರದ ಗೋಡೆ; ಅದನ್ನು ಮೇಲಿನಿಂದ ವರಸೆ ವರಸೆಯಾಗಿ ಬಿಚ್ಚಿದೆವು.

ಊಟದ ಮೇಜು ಈಗ ಅಲ್ಲಿದೆ. ಹಾಲಿನ ಗೋಡೆಗೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಕಬ್ಬಿಣದ ತೊಲೆ, ಎರಡು ತುದಿಗೂ ಕಂಬ, ಕಂಬಕ್ಕೆ ಹೊಸ ಪಾಯ ಎಂದು ಲೆಕ್ಕ ಬರೆದುಕೊಟ್ಟಿದ್ದಾರೆ. ಮಳೆಗಾಲ ಕಳೆಯಲಿ ಎಂದು ಮನೆಯಲ್ಲಿ ಹೇಳಿದ್ದೇನೆ. ಟ್ಯಾಂಕನ್ನು ಮಾತ್ರ ಅದೇ ವಾರ ಹೊರಗೋಡೆಯ ಮೂಲೆಗೆ ಸರಿಸಿದೆ.