ಅಪ್‌ಸೆಟ್ ಪದವನ್ನು ನಾನು ಕಲಿಸುವ ಬಗೆ

ವಿಜಯಪುರದಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುತ್ತೇನೆ. ಇಂಡಿ, ಸಿಂದಗಿ, ತಿಕೋಟಾ ಕಡೆಯವರೇ ಜಾಸ್ತಿ. ಬೇಜಾರು ಹೇಳೋಕೆ ಅವರಲ್ಲಿರುವ ಇಂಗ್ಲಿಷ್ ಪದ ಒಂದೇ: ಟೆನ್ಷನ್. ಬಸ್ ತಪ್ಪಿದರೂ ಟೆನ್ಷನ್, ಗೆಳತಿ ಮಾತು ಬಿಟ್ಟರೂ ಟೆನ್ಷನ್.

‘ಅಪ್‌ಸೆಟ್’ ಕಲಿಸುವಾಗ ನಾನು ಅರ್ಥ ಬರೆಸುವುದಿಲ್ಲ. ಬೋರ್ಡಿನ ಮೇಲೆ ‘ಬೇಸರ’ ಅಂತ ಬರೆದರೆ ಮುಗೀತು, ಆಮೇಲೆ ತಲೆಯಿಂದ ಅದು ಅಳಿಸೋದಿಲ್ಲ. ಮೇಜಿನ ಮೇಲೆ ನೀರು ತುಂಬಿದ ಸ್ಟೀಲ್ ಲೋಟ ಇಟ್ಟು, ಮೊಣಕೈ ತಾಗಿಸಿ ಉರುಳಿಸುತ್ತೇನೆ. ನೀರು ಹಾಜರಿ ಪುಸ್ತಕದ ಕಡೆ ಹರಿಯುತ್ತದೆ. ‘ಸರ್, ಬುಕ್ ತೊಯ್ತೈತ್ರಿ!’ ಅಂತ ಮುಂದಿನ ಬೆಂಚಿನವರು ಎದ್ದೇಳುತ್ತಾರೆ. ‘ಐ ಅಪ್‌ಸೆಟ್ ದಿ ಗ್ಲಾಸ್’ ಅನ್ನುತ್ತೇನೆ. ನೆಟ್ಟಗೆ ನಿಂತಿದ್ದು ಬುಡಮೇಲಾಯಿತು, ಅಷ್ಟೇ. ಭೂತಕಾಲದಲ್ಲೂ ರೂಪ ಬದಲಾಗುವುದಿಲ್ಲ. ಕಟ್, ಪುಟ್ ಇದ್ದ ಹಾಗೆ. ‘ಅಪ್‌ಸೆಟೆಡ್’ ಅನ್ನಬಾರದು.

ಆಮೇಲೆ ತಿಕೋಟಾದ ಹುಡುಗನನ್ನು ಕೇಳುತ್ತೇನೆ: ಶೆಡ್‌ನಲ್ಲಿ ದ್ರಾಕ್ಷಿ ಒಣಗುವಾಗ ಮಳೆ ಬಂದರೆ? ‘ಎಲ್ಲಾ ಲೆಕ್ಕಾಚಾರ ತಲಿಕೆಳಗ ಆಗತೈತ್ರಿ ಸರ್.’ ಸರಿ, ‘ದಿ ರೇನ್ ಅಪ್‌ಸೆಟ್ ಅವರ್ ಪ್ಲಾನ್ಸ್’. ಜಾತ್ರೆಯಲ್ಲಿ ಸಿಕ್ಕಿದ್ದೆಲ್ಲ ತಿಂದು ಹೊಟ್ಟೆ ಕೆಟ್ಟರೆ ‘ಅಪ್‌ಸೆಟ್ ಸ್ಟಮಕ್’. ಲೋಟ, ಲೆಕ್ಕಾಚಾರ, ಹೊಟ್ಟೆ, ಕೊನೆಗೆ ಮನಸ್ಸು. ಅಲ್ಲಿಗೆ ಬರುವಷ್ಟರಲ್ಲಿ ಅವರೇ ವಾಕ್ಯ ಮಾಡಿರುತ್ತಾರೆ.

ಟೆನ್ಷನ್‌ನಿಂದ ಬೇರೆ ಮಾಡೋಕೆ ಸುಲಭದ ಒರೆ ಇದೆ. ನಮ್ಮ ಜನ ಟೆನ್ಷನ್ ಅನ್ನೋದು ಹೆಚ್ಚಾಗಿ ಮುಂದೆ ಆಗಲಿರುವುದಕ್ಕೆ. ಅಪ್‌ಸೆಟ್ ಆಗೋದು ಸಾಮಾನ್ಯವಾಗಿ ಆಗಿಹೋದದ್ದಕ್ಕೆ. ರಿಸಲ್ಟ್ ಮುಂಚೆ ಟೆನ್ಷನ್, ಫೇಲ್ ಆದಮೇಲೆ ಅಪ್‌ಸೆಟ್. ಅದರಲ್ಲಿ ದುಃಖವೂ ಇರಬಹುದು, ಸಿಟ್ಟೂ ಇರಬಹುದು. ಎಷ್ಟೋ ಸಲ ಎರಡೂ ಕೂಡಿರುತ್ತವೆ. ಈ ಪದ ಚಾಲ್ತಿಯಲ್ಲಿರೋದೇ ಅದಕ್ಕೆ ಅಂತ ನನಗನ್ನಿಸುತ್ತದೆ. ಯಾವುದು ಅಂತ ಬಿಡಿಸಿ ಹೇಳಬೇಕಿಲ್ಲ.

ಜಾಸ್ತಿ ಎಡವುವುದು ಎರಡು ಕಡೆ. ‘ದಿ ನ್ಯೂಸ್ ವಾಸ್ ಅಪ್‌ಸೆಟ್’ ಅನ್ನುತ್ತಾರೆ. ಸುದ್ದಿಗೆ ಮನಸ್ಸೆಲ್ಲಿದೆ? ಸುದ್ದಿ ‘ಅಪ್‌ಸೆಟಿಂಗ್’, ಕೇಳಿದವರು ‘ಅಪ್‌ಸೆಟ್’. ಇನ್ನೊಂದು, ‘ವಿತ್’ ಮತ್ತು ‘ಅಬೌಟ್’. ಇದಕ್ಕೆ ನಾನು ಪೂರ್ತಿ ಒಂದು ಕ್ಲಾಸ್ ಇಡುತ್ತೇನೆ, ಯಾಕಂದ್ರೆ ಇಲ್ಲಿ ತಪ್ಪಿದರೆ ಸಂಬಂಧವೇ ಕೆಡುತ್ತದೆ. ಕೆಲಸದಲ್ಲಿದ್ದ ಹುಡುಗಿಯೊಬ್ಬಳು ವರ್ಗಾವಣೆ ವಿಷಯಕ್ಕೆ ತನ್ನ ಮೇಲಧಿಕಾರಿಗೆ ‘ಐ ಆಮ್ ಅಪ್‌ಸೆಟ್ ವಿತ್ ಯೂ’ ಅಂತ ಮೆಸೇಜ್ ಹಾಕಿದ್ದಳು. ತನಗೆ ನೋವಾಗಿದೆ ಅನ್ನೋದು ಅವಳ ಉದ್ದೇಶ. ಓದಿದವರಿಗೆ ‘ನಿಮ್ಮ ಮೇಲೆ ಸಿಟ್ಟಾಗಿದ್ದೇನೆ’ ಅಂತ ಮುಟ್ಟಿತು. ‘ಅಪ್‌ಸೆಟ್ ಅಬೌಟ್ ದಿ ಟ್ರಾನ್ಸ್‌ಫರ್’ ಅಂದಿದ್ದರೆ ಸಾಕಿತ್ತು. ಈಗ ಎಲ್ಲರಿಂದ ಜೋಡಿ ವಾಕ್ಯ ಬರೆಸುತ್ತೇನೆ: ಒಂದು ಮನುಷ್ಯನ ಮೇಲೆ, ಒಂದು ಸಂಗತಿಯ ಬಗ್ಗೆ.

ಆಟದ ಸುದ್ದಿಯಲ್ಲಿ ಬರುವ ‘ಅಪ್‌ಸೆಟ್’ ಬೇರೆ: ಗೆಲ್ಲುತ್ತಾರೆ ಅಂದುಕೊಂಡವರು ಸೋಲೋದು. ಅಲ್ಲಿ ಒತ್ತು ‘ಅಪ್’ ಮೇಲೆ. ಮನಸ್ಸಿನ ವಿಷಯಕ್ಕೆ ‘ಸೆಟ್’ ಮೇಲೆ. 1983ರ ವಿಶ್ವಕಪ್ ಫೈನಲ್‌ನಲ್ಲಿ 183 ರನ್ ಮಾಡಿದ ಭಾರತ ವೆಸ್ಟ್ ಇಂಡೀಸನ್ನು ಸೋಲಿಸಿತಲ್ಲ, ಅದು ಅಪ್‌ಸೆಟ್. 1919ರಲ್ಲಿ ಅಮೆರಿಕದ ಸಾರಟೋಗಾದಲ್ಲಿ ‘ಅಪ್‌ಸೆಟ್’ ಹೆಸರಿನ ಕುದುರೆಯೊಂದು ‘ಮ್ಯಾನ್ ಓ ವಾರ್’ ಎಂಬ ಹೆಸರಾಂತ ಕುದುರೆಯನ್ನು ಹಿಂದೆ ಹಾಕಿತ್ತು. ಈ ಅರ್ಥ ಬಂದದ್ದೇ ಅಲ್ಲಿಂದ ಅನ್ನುವವರಿದ್ದಾರೆ. ಕಥೆ ಚೆನ್ನಾಗಿದೆ, ನಿಜವಲ್ಲ. 19ನೇ ಶತಮಾನದ ಪತ್ರಿಕೆಗಳಲ್ಲೇ ಆ ಬಳಕೆ ಇತ್ತು.

ವಕೀಲರ ಹತ್ತಿರ ಕೆಲಸ ಮಾಡುವ ಹುಡುಗನೊಬ್ಬ ಕೇಳಿದ: ‘ಹರಾಜಿನ ನೋಟಿಸಿನ್ಯಾಗ ಅಪ್‌ಸೆಟ್ ಪ್ರೈಸ್ ಅಂತ ಇರತೈತ್ರಲ್ಲ ಸರ್, ಅಲ್ಲಿ ಯಾರಿಗೆ ಬ್ಯಾಸರಾಗಿರತೈತ್ರಿ?’ ಹಿಂದಿನಿಂದ ಉತ್ತರ ಬಂತು, ‘ಮನಿ ಕಳಕೊಂಡಾವಗೋ!’ ಪದದ ಹಳೇ ಅರ್ಥ ಎತ್ತಿ ನಿಲ್ಲಿಸು ಅಂತ. ಹರಾಜು ಯಾವ ಬೆಲೆಯಿಂದ ಏಳಬೇಕೋ ಅದೇ ಅಪ್‌ಸೆಟ್ ಪ್ರೈಸ್. ಇದನ್ನು ಕೇಳಿದವರಿಗೆ ಮಾತ್ರ ಹೇಳುತ್ತೇನೆ. ಮೊದಲ ದಿನವೇ ಹೇಳಿದರೆ ಲೋಟದ ಪಾಠ ಕೆಡುತ್ತದೆ.