ಬಾಟಲಿಯೊಳಗೆ ಉಸಿರಾಟ: ಶ್ವಾಸಕೋಶದ ಮಾದರಿ ಸೋರದಂತೆ ಮಾಡುವ ಬಗೆ

ಶಾಲೆಯ ವಿಜ್ಞಾನ ಪ್ರದರ್ಶನಗಳಲ್ಲಿ ಈ ಮಾದರಿ ಮಾಮೂಲು. ತೀರ್ಪುಗಾರರ ಎದುರು ಬಲೂನು ಉಬ್ಬದೆ ಕೈಕೊಡುವುದೂ ಅಷ್ಟೇ ಮಾಮೂಲು. ಬಹುಪಾಲು ಕಾರಣ ಒಂದೇ, ಎಲ್ಲೋ ಗಾಳಿ ಸೋರುತ್ತಿರುತ್ತದೆ.

ನೀರಿನ ತೆಳು ಬಾಟಲಿ ಬೇಡ. ತಳಕ್ಕೆ ಕೂರಿಸುವ ರಬ್ಬರನ್ನು ಎಳೆದ ಕೂಡಲೇ ಅದರ ಗೋಡೆ ಒಳಕ್ಕೆ ನಗ್ಗುತ್ತದೆ, ಒಳಗಿನ ಬಲೂನು ಸುಮ್ಮನಿರುತ್ತದೆ. ತಂಪು ಪಾನೀಯದ 500ರಿಂದ 750 ಮಿ.ಲೀ. ಗಟ್ಟಿ ಬಾಟಲಿ ತೆಗೆದುಕೊಂಡು, ತಳದಿಂದ ನಾಲ್ಕು ಬೆರಳು ಮೇಲೆ ಕತ್ತರಿಸಿ. ಕತ್ತರಿಸಿದ ಅಂಚು ರಬ್ಬರನ್ನು ಸೀಳುತ್ತದೆ. ಅದಕ್ಕೆ ಇನ್ಸುಲೇಷನ್ ಟೇಪು ಸುತ್ತಿ.

ಕಾಯಿಸಿದ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು (ಇದು ದೊಡ್ಡವರ ಕೆಲಸ) ಮುಚ್ಚಳದ ನಡುವೆ ತೂತು ಮಾಡಿ. ಬಾಲ್ ಪೆನ್ನಿನ ಖಾಲಿ ಕೊಳವೆ ಬಿಗಿಯಾಗಿ ತೂರುವಷ್ಟಿದ್ದರೆ ಸಾಕು. ಇದೇ ಶ್ವಾಸನಾಳ. ಕೆಲವು ಪೆನ್ನುಗಳ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಅದು ಬಾಟಲಿಯೊಳಗೆ ಸೇರಿಕೊಂಡರೆ ಏನು ಮಾಡಿದರೂ ಬಲೂನು ಉಬ್ಬದು. ಮೊದಲೇ ಎಂ-ಸೀಲಿನಿಂದ ಮುಚ್ಚಿಬಿಡಿ. ಚಿಕ್ಕ ಬಲೂನನ್ನು ನಾಲ್ಕೈದು ಸಲ ಊದಿ ಮೆತ್ತಗಾಗಿಸಿ, ಕೊಳವೆಯ ಕೆಳತುದಿಗೆ ದಾರದಿಂದ ಕಟ್ಟಿ. ಹೊಸ ಬಲೂನು ಬಿಗಿಯಾಗಿರುತ್ತದೆ, ಅಷ್ಟು ಸಣ್ಣ ಎಳೆತಕ್ಕೆ ಅಲ್ಲಾಡುವುದಿಲ್ಲ. ಮುಚ್ಚಳದ ತೂತಿನ ಸುತ್ತ ಎಂ-ಸೀಲ್ ಮೆತ್ತಿ ರಾತ್ರಿಯಿಡೀ ಒಣಗಲು ಬಿಡಿ.

ದೊಡ್ಡ ಬಲೂನಿನ ಬಾಯಿಗೆ ಗಂಟು ಹಾಕಿ, ಎದುರು ಭಾಗ ಕತ್ತರಿಸಿ, ಬಾಟಲಿಯ ತಳಕ್ಕೆ ಎಳೆದು ಕೂರಿಸಿ ಟೇಪು ಹಚ್ಚಿ. ಇದು ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ. ಜೋಡಣೆಗಳಿಗೆ ಸೋಪಿನ ನೊರೆ ಸವರಿ, ಕೊಳವೆಯ ಬಾಯಿಯನ್ನು ಬೆರಳಿನಿಂದ ಮುಚ್ಚಿ ವಪೆಯನ್ನು ಒಳಕ್ಕೆ ಒತ್ತಿ. ಗುಳ್ಳೆ ಎದ್ದಲ್ಲಿ ಸೋರಿಕೆ.

ಈಗ ಬೆರಳು ತೆಗೆದು ಗಂಟನ್ನು ಎರಡು ಮೂರು ಸೆಂ.ಮೀ. ಕೆಳಕ್ಕೆಳೆಯಿರಿ. ಯಾರೂ ಊದಲಿಲ್ಲ, ಆದರೂ ಬಲೂನು ಉಬ್ಬಿತು. ಬಾಟಲಿಯೊಳಗೆ ಜಾಗ ಹೆಚ್ಚಿತು, ಒತ್ತಡ ಇಳಿಯಿತು, ಹೊರಗಿನ ಗಾಳಿ ಕೊಳವೆಯಲ್ಲಿ ನುಗ್ಗಿತು. ನಮ್ಮ ಎದೆಯಲ್ಲೂ ಹೀಗೆಯೇ: ಗಾಳಿ ಬಂದದ್ದರಿಂದ ಎದೆ ಹಿಗ್ಗುವುದಲ್ಲ, ಎದೆ ಹಿಗ್ಗಿದ್ದರಿಂದ ಗಾಳಿ ಬರುವುದು. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಒಂದು ಉಸಿರಿಗೆ ಸುಮಾರು 500 ಮಿ.ಲೀ. ಗಾಳಿ ಒಳಹೋಗುತ್ತದೆ, ಅದರಲ್ಲಿ ಸುಮಾರು 150 ಮಿ.ಲೀ. ದಾರಿಯ ನಾಳಗಳಲ್ಲೇ ಉಳಿದು ಶ್ವಾಸಕೋಶದೊಳಗಿನ ಪುಟ್ಟ ಗಾಳಿಗೂಡುಗಳನ್ನು ಮುಟ್ಟುವುದಿಲ್ಲ. ಉಸಿರು ಬಿಡುವಾಗ ಸ್ನಾಯುಗಳಿಗೆ ಕೆಲಸವಿಲ್ಲ. ಗಂಟು ಬಿಟ್ಟಾಗ ರಬ್ಬರು ಮುದುಡಿದಂತೆ ಶ್ವಾಸಕೋಶವೂ ತಾನಾಗಿ ಮುದುಡುತ್ತದೆ. ಕೆಮ್ಮುವಾಗ, ಓಡುವಾಗ ಮಾತು ಬೇರೆ.

ಮಾದರಿ ಸುಳ್ಳಾಡುವ ಕಡೆಗಳೂ ಇವೆ, ತೀರ್ಪುಗಾರರು ಕೇಳುವುದೂ ಅಲ್ಲೇ. ಬಾಟಲಿಯ ಗೋಡೆ ಅಲುಗದು, ಪಕ್ಕೆಲುಬುಗಳು ಮೇಲೇಳುತ್ತವೆ. ನಿಜವಾದ ವಪೆ ಕಮಾನಿನಂತಿದ್ದು, ಸಂಕುಚಿಸಿದಾಗ ಚಪ್ಪಟೆಯಾಗುತ್ತದೆ. ಬಲೂನಿಗೂ ಬಾಟಲಿಗೂ ನಡುವೆ ಇರುವಷ್ಟು ಖಾಲಿ ಜಾಗ ಎದೆಯಲ್ಲಿಲ್ಲ: ಅಲ್ಲಿ ಎರಡು ಪೊರೆಗಳ ನಡುವೆ ತೆಳುವಾದ ದ್ರವದ ಪದರ ಮಾತ್ರ. ಒದ್ದೆಯಾದ ಎರಡು ಗಾಜಿನ ಹಾಳೆಗಳಂತೆ ಅವು ಜಾರುತ್ತವೆ, ಬಿಡಿಸಿಕೊಳ್ಳುವುದಿಲ್ಲ.

ಆ ಅಂಟು ಬಿಟ್ಟರೆ ಏನಾಗುತ್ತದೆಂದು ತೋರಿಸಲು ಬಾಟಲಿಯ ಪಕ್ಕದಲ್ಲಿ ಪೆನ್ನಿನ ಕೊಳವೆಯಷ್ಟೇ ಅಗಲದ ತೂತು ಮಾಡಿ, ವಪೆ ಎಳೆಯಿರಿ. ಗಾಳಿ ಅಡ್ಡದಾರಿಯಲ್ಲಿ ನುಗ್ಗುತ್ತದೆ, ಬಲೂನು ಜೋತುಬಿದ್ದಿರುತ್ತದೆ. ಎದೆಗೆ ಚುಚ್ಚಿದ ಗಾಯವಾಗಿ ಗಾಳಿ ಒಳಸೇರಿದಾಗ ಶ್ವಾಸಕೋಶ ಕುಸಿಯುವುದು ಹೀಗೆ. ವೈದ್ಯರು ನ್ಯೂಮೊಥೊರಾಕ್ಸ್ ಎನ್ನುವುದು ಇದನ್ನೇ. ವಪೆಯನ್ನು ಮೊದಲಿನ ಸ್ಥಿತಿಗೆ ಬಿಟ್ಟು, ತೂತನ್ನು ಬೆರಳಿನಿಂದ ಒತ್ತಿ ಮತ್ತೆ ಎಳೆಯಿರಿ: ಬಲೂನು ಉಬ್ಬುತ್ತದೆ.